ಹೇಳಿದರೆ ಮಾತ್ರ ಬಾಣ

ಮೇ 4, ಶನಿವಾರ

ಎಲ್ಲರೂ ಕ್ಷೇಮವೆ? ಮಗಳ ಸೊಂಟನೋವು ಹೇಗಿದೆ? ಅಳಿಯಂದಿರ ಒಣಕೆಮ್ಮು ಕಡಿಮೆಯಾಯಿತೆ? ತಂಗೀ, ಪೊರೆ ತೆಗೆಸಿದ ಮೇಲೆ ನಿನ್ನ ಕಣ್ಣಿಗೆ ನನ್ನ ಅಕ್ಷರ ಈಗ ಚೆನ್ನಾಗಿ ಕಾಣುತ್ತಿದೆಯೆ? ಚೂಟಿಯ ಕೈ...

ಪೆನ್ನು ಹಿಡಿದರೆ ನನ್ನ ಕೈ ತಾನಾಗಿ ಇದನ್ನೇ ಬರೆಯುತ್ತದೆ. ಮಗಳು, ಅಳಿಯ ಗೋಡೆಯಾಚೆಯೇ ಇದ್ದಾರೆ, ಎದ್ದು ಹೋಗಿ ಕೇಳಿದರಾಯಿತು. ಆದರೂ ಜೀವಮಾನವಿಡೀ ಕಾಗದ ಬರೆದವನಿಗೆ ಯಾರನ್ನೂ ಕರೆಯದೆ ಬರೆಯುವುದು ಬಾರದು. ಇದನ್ನು ತಂಗಿಗೇ ಬರೆಯಬೇಕಿತ್ತು. ಮಗಳು ಬಿಡಲಿಲ್ಲ. "ಅಪ್ಪಾ, ಅತ್ತೆಗೆ ಒಂದಕ್ಷರ ಬರೀಬೇಡಿ. ಅವರಿಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ" ಅಂದಳು. ಹಾಗಾಗಿ ಈ ಖಾಲಿ ಡೈರಿಯ ಪಾಲಿಗೆ ಬಂದಿದ್ದೇನೆ.

ವಿಷಯ ಇಷ್ಟು. ಮೊಮ್ಮಗಳು ಚೂಟಿ ಉಳಿದೆಲ್ಲ ವಿಷಯದಲ್ಲೂ ಪಾಸಾಗಿ ಭೌತಶಾಸ್ತ್ರ ಒಂದರಲ್ಲಿ ಮುಗ್ಗರಿಸಿದಳು. ಅದಕ್ಕೆ ಮರುಪರೀಕ್ಷೆ ಜೂನ್ ಮೊದಲಲ್ಲಿ. ಅದೂ ಹೋದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಸಾಲದ್ದಕ್ಕೆ ಮೊನ್ನೆ ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಬೆರಳಿನಿಂದ ಮೊಣಕೈ ದಾಟಿ ಪ್ಲಾಸ್ಟರು. ಬರೆಯುವ ಕೈಯೇ ಬೇಕಿತ್ತೆ ವಿಧಿಗೆ?

ಇಂಥವರ ಪರವಾಗಿ ಬೇರೆಯವರು ಬರೆಯಬಹುದಂತೆ. ಅವಳು ಬಾಯಲ್ಲಿ ಹೇಳಬೇಕು, ಅವರು ಬರೆಯಬೇಕು. ಮನೆಯವರಾದರೂ ಅಡ್ಡಿಯಿಲ್ಲ, ಪಕ್ಕದಲ್ಲಿ ಕಾವಲು ಇರುತ್ತದೆ. ಆದರೆ ಬರೆಯುವವರಿಗೆ ಆ ವಿಷಯ ಗೊತ್ತಿರಬಾರದು. ಅಳಿಯಂದಿರು ಇಷ್ಟು ಓದಿ ಹೇಳಿದ್ದೇ ತಡ, ಮನೆಯ ಕಣ್ಣೆಲ್ಲ ನನ್ನ ಕಡೆ ತಿರುಗಿತು. ನನ್ನ ದಡ್ಡತನ ಈ ಮನೆಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಒಪ್ಪಿಕೊಂಡೆ.

ಮೇ 7, ಮಂಗಳವಾರ

ಮಗಳು ಔಷಧಿ ಅಂಗಡಿಗೆ ರಜೆ ಹಾಕಿ ನನ್ನನ್ನು ಪರೀಕ್ಷಾ ಕಚೇರಿಗೆ ಕರೆದುಕೊಂಡು ಹೋದಳು. ಉದ್ದನೆಯ ಬೆಂಚು, ತಿರುಗದ ಫ್ಯಾನು. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲೀವರೆಗೆ ಓದಿದೀರಿ?"

"ಏಳನೇ ತರಗತಿ. ಆಮೇಲೆ ಸ್ವಂತ ಓದು."

"ಸ್ವಂತ ಓದಲ್ಲಿ ಭೌತಶಾಸ್ತ್ರ ಇತ್ತಾ?"

"ಇಲ್ಲ ಸ್ವಾಮಿ. ಬೋರ್ಡು ಬರೆಯೋ ಕೆಲಸ. ಅಂಗಡಿ ಹೆಸರು, ಬಸ್ಸಿನ ಹಣೆ, ಆಸ್ಪತ್ರೆ ಬಾಗಿಲು."

ಅವರು ಪೆನ್ನು ಎತ್ತಿ ಎಚ್ಚರಿಸಿದರು. "ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ತಿದ್ದೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ. ಒಂದು ಕೆಮ್ಮು ಕೆಮ್ಮಿದ್ರೂ ಪತ್ರಿಕೆ ರದ್ದು."

"ಕೆಮ್ಮು ನನಗಲ್ಲ, ಅಳಿಯಂದಿರಿಗೆ" ಅಂದೆ. ಯಾರೂ ನಗಲಿಲ್ಲ. ಮಗಳು ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು.

ಪತ್ರಿಕೆ ರದ್ದು. ದಾರಿಯುದ್ದಕ್ಕೂ ಆ ಎರಡು ಪದ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದವು.

ಮೇ 9, ಗುರುವಾರ

ಮೊದಲ ಅಭ್ಯಾಸ. ಊಟದ ಮೇಜು ಒರೆಸಿ ಕೂತೆವು. ಚೂಟಿ ಪುಸ್ತಕ ತೆರೆದು ಒಂದು ಸಾಲು ತೋರಿಸಿದಳು. "ಸುಮ್ನೆ ನೋಡಿಕೊಂಡು ಬರಿ ತಾತ, ಕೈ ಪಳಗಲಿ."

ಸಾಲಿನಲ್ಲಿ ಎಫ್ ಅಕ್ಷರ ಎರಡು ಸಲ ಇತ್ತು. ಒಂದು ದಪ್ಪ, ಒಂದು ತೆಳುವಾಗಿ ಓರೆ. ನನಗೆ ಅಷ್ಟು ಸಾಕಲ್ಲ! ಪೆನ್ನಿನಲ್ಲೇ ದಪ್ಪ ಎಫ್‌ನ ಹೊರಗೆರೆ ಎಳೆದು, ಒಳಗೆ ಮಸಿ ತುಂಬಿ, ಮೂಲೆಗಳನ್ನು ಚೌಕ ಮಾಡಿ, ತಲೆ ಎತ್ತಿ ನೋಡುತ್ತೇನೆ, ಚೂಟಿ ಹಣೆಯನ್ನು ಪ್ಲಾಸ್ಟರಿಗೆ ಒರಗಿಸಿಕೊಂಡು ಕೂತಿದ್ದಾಳೆ.

"ತಾತ, ಏನ್ ಮಾಡ್ತಿದೀಯ?"

"ದಪ್ಪ ಎಫ್."

"ಒಂದಕ್ಷರಕ್ಕೆ ಇಷ್ಟು ಹೊತ್ತಾದ್ರೆ ಗಂಟೆ ಹೊಡೆಯೋ ಹೊತ್ತಿಗೆ ನನ್ನ ಹೆಸರೂ ಮುಗಿದಿರಲ್ಲ! ಅಚ್ಚಲ್ಲಿ ದಪ್ಪ ಹಾಕ್ತಾರೆ. ಕೈಯಲ್ಲಿ ದಪ್ಪ ಬರೆಯೋಕಾಗಲ್ಲ ಅಂತಾನೇ ತಲೆ ಮೇಲೆ ಬಾಣ ಹಾಕೋದು."

"ಯಾರು ಹೇಳಿದ್ದು ಆಗಲ್ಲ ಅಂತ?" ನನಗೆ ಸ್ವಲ್ಪ ಕೋಪವೇ ಬಂತು. "ಈ ಎಫ್ ನೋಡು, ಬ್ಯಾಂಕಿನ ಬಾಗಿಲ ಮೇಲೆ ನಿಲ್ಲಿಸಬಹುದು."

ಚೂಟಿ ನಕ್ಕಳು. ಕೈ ಮುರಿದ ಮೇಲೆ ನಕ್ಕದ್ದು ಇವತ್ತೇ. ಆಮೇಲೆ ಬಾಣ ಕಲಿಸಿದಳು. ಸಣ್ಣ ಗೆರೆ, ಬಲ ತುದಿಯಲ್ಲಿ ಒಂದು ಕೊಕ್ಕೆ. ನಾನು ಅಭ್ಯಾಸಬಲದಿಂದ ಹಿಂದೆ ಗರಿ ಹಾಕಿದೆ. "ಗರಿ ಬೇಡ ತಾತ. ಇದು ಬೇಟೆಗೆ ಹೋಗೋ ಬಾಣ ಅಲ್ಲ."

ಮೇ 11, ಶನಿವಾರ

ಎರಡು ದಿನದಲ್ಲಿ ನಮ್ಮಿಬ್ಬರದೇ ಒಂದು ಭಾಷೆ ಹುಟ್ಟಿಕೊಂಡಿದೆ. ಅವಳು "ಎಫ್, ಬಾಣ" ಅಂದರೆ ತಲೆಯ ಮೇಲೆ ಬಾಣ. "ಐ, ಟೋಪಿ" ಅಂದರೆ ಐ ಮೇಲೆ ಗೋಪುರದಂಥ ಗುರುತು. "ಎಫ್, ಕಾಲಲ್ಲಿ ಎಕ್ಸ್" ಅಂದರೆ ಎಫ್‌ನ ಬಲಪಾದದ ಬಳಿ ಪುಟ್ಟ ಎಕ್ಸ್. ಅಡುಗೆಮನೆಯಿಂದ ಮಗಳು, "ಅಜ್ಜ ಮೊಮ್ಮಗಳು ಬಟ್ಟೆ ಅಂಗಡಿ ಇಟ್ಟ ಹಾಗಿದೆ, ಟೋಪಿಯಂತೆ ಕಾಲಂತೆ" ಅಂದಳು.

ಇವತ್ತು ಒಂದು ತಪ್ಪು ಮಾಡಿದೆ. ಬಾಣ ಇರುವ ದೊಡ್ಡ ಎಫ್ ಪಕ್ಕದಲ್ಲಿ ಕಾಲಲ್ಲಿ ಎಕ್ಸ್ ಇಟ್ಟುಕೊಂಡ ಎಫ್ ಬರಿತಲೆಯಲ್ಲಿ ನಿಂತಿತ್ತು. ಪಾಪ ಅನ್ನಿಸಿ ಅದಕ್ಕೂ ಒಂದು ಬಾಣ ಹಾಕಿದೆ.

"ತಾತ! ನಾನು ಹೇಳಿದ್ನಾ?"

"ಅಪ್ಪನಿಗಿದೆ, ಮಗನಿಗೆ ಬೇಡವಾ?"

ಅವಳು ತಾಳ್ಮೆಯಿಂದ ಹೇಳಿದಳು. "ಬಾಣ ಇದ್ರೆ ಬಲ ಎಷ್ಟು, ಯಾವ ಕಡೆಗೆ, ಎರಡೂ ಸೇರಿದೆ ಅಂತ. ಕಾಲಲ್ಲಿ ಎಕ್ಸ್ ಇದ್ರೆ ಅದರಲ್ಲಿ ಅಡ್ಡಕ್ಕೆ ಹೋಗೋ ಪಾಲು ಎಷ್ಟು ಅಂತ ಮಾತ್ರ. ಅದು ಬರೀ ಸಂಖ್ಯೆ. ದಿಕ್ಕು ಹೇಳೋಕೆ ಪಕ್ಕದಲ್ಲಿ ಟೋಪಿ ಐ ಇದೆಯಲ್ಲ. ಇದಕ್ಕೆ ಬಾಣ ಹಾಕಿದ್ರೆ ಅಂಕ ಹೋಯ್ತು. ಹಾಕಬೇಕಾದ ಕಡೆ ಹಾಕದಿದ್ರೂ ಹೋಯ್ತು. ಹೋದ ಸಲ ನಾನು ಮುಳುಗಿದ್ದೇ ಇದರಲ್ಲಿ."

ಪರಿಣಾಮವಾಗಿ ಒಂದು ಒಪ್ಪಂದ: ಹೇಳಿದರೆ ಮಾತ್ರ ಬಾಣ. ಹೇಳದಿದ್ದರೆ, ಅದು ಎಷ್ಟೇ ಬೇಕೆಂದು ಅಳುತ್ತಿದ್ದರೂ, ಇಲ್ಲ.

ಊಟಕ್ಕೆ ಕೂತಾಗ ಅವಳ ತಟ್ಟೆಯ ರೊಟ್ಟಿಯನ್ನು ಸಣ್ಣಸಣ್ಣ ತುಂಡು ಮಾಡಲು ಹೋದೆ. ಎಡಗೈಯಿಂದ ತಟ್ಟೆ ಎಳೆದುಕೊಂಡಳು. "ಇದಕ್ಕೂ ಅದೇ ಒಪ್ಪಂದ ತಾತ. ಕೇಳಿದ್ರೆ ಮಾತ್ರ." ಅರ್ಧ ಊಟ ಮೇಜಿನ ಮೇಲೆ ಚೆಲ್ಲಿತು. ನೋಡುತ್ತಾ ಕೂರುವುದು ಎಷ್ಟು ಕಷ್ಟ!

ಮೇ 16, ಗುರುವಾರ

ಚೂಟಿ ಟ್ಯೂಷನ್ನಿಗೆ ಹೋದಾಗ ಅವಳ ಪುಸ್ತಕ ತೆಗೆದು ನೋಡುತ್ತೇನೆ. ಗುರುತುಗಳು ಕಣ್ಣಿಗೆ ಪಳಗಲಿ ಅಂತ, ಬೇರೇನಿಲ್ಲ.

ಒಂದು ಪುಟದಲ್ಲಿ ಎರಡು ತಂತಿಗೆ ತೂಗುಬಿದ್ದ ಬೋರ್ಡಿನ ಚಿತ್ರ. ಇದು ನನ್ನದೇ ಪಾಡು! ತಂತಿಗಳನ್ನು ಓರೆಯಾಗಿ ಬಿಗಿದಷ್ಟೂ ಮೊಳೆ ಯಾಕೆ ಕಿತ್ತು ಬರುತ್ತದೆ ಎಂದು ಎಷ್ಟು ಸಲ ತಲೆ ಕೆರೆದುಕೊಂಡಿದ್ದೇನೆ. ಬೋರ್ಡು ಹೊರುವುದು ತಂತಿಯ ಸೆಳೆತದ ನೆಟ್ಟಗಿನ ಪಾಲು ಮಾತ್ರ. ಅಡ್ಡ ಪಾಲೆರಡೂ ಒಂದನ್ನೊಂದು ಎಳೆದಾಡಿಕೊಂಡು ದಂಡ. ತಂತಿ ಮಲಗಿದಂತೆಲ್ಲ ದಂಡವೇ ಜಾಸ್ತಿ. ಸ್ನಾನದ ಮನೆಯಲ್ಲಿ ಇದನ್ನೇ ಯೋಚಿಸುತ್ತ ನಿಂತು ನೀರು ತಣ್ಣಗಾಯಿತು.

ಇಳಿಜಾರಿನ ಲೆಕ್ಕಕ್ಕೆ ಚೂಟಿ ಗುನುಗುವ ಮಾತು ನನಗೂ ಬಾಯಿಗೆ ಹತ್ತಿದೆ: ಜಾರೋದು ಸೈನ್, ಒತ್ತೋದು ಕಾಸ್. ಇಳಿಜಾರಿನಲ್ಲಿ ಇಟ್ಟ ವಸ್ತುವಿನ ತೂಕದಲ್ಲಿ ಕೆಳಕ್ಕೆ ಜಾರಿಸುವ ಪಾಲಿಗೆ ಸೈನ್, ಹಲಗೆಯನ್ನು ಒತ್ತುವ ಪಾಲಿಗೆ ಕಾಸ್. ಸೈನ್ ಎಂದರೇನೋ, ಕಾಸ್ ಎಂದರೇನೋ, ದೇವರೇ ಬಲ್ಲ. ಜಾರೋದು ಸೈನ್, ಅಷ್ಟೆ.

ಮೇ 20, ಸೋಮವಾರ

ಸಿಕ್ಕಿಬಿದ್ದೆ.

ಚೂಟಿ ಹೇಳುತ್ತ ಹೋಗುತ್ತಿದ್ದಳು, ನಾನು ಬರೆಯುತ್ತ ಹೋಗುತ್ತಿದ್ದೆ. ನಡುವೆ ಅವಳು ಸುಮ್ಮನಾಗಿ, "ಅಲ್ಲ, ಅದನ್ನ ಹೊಡೆದುಹಾಕು. ಋಣ ಚಿಹ್ನೆ" ಅಂದಳು. ಇನ್ನೊಂದು ಲೆಕ್ಕದಲ್ಲೂ ಹಾಗೇ. ಮೂರನೆಯದರಲ್ಲಿ ಅವಳ ಕಣ್ಣು ಪುಸ್ತಕದ ಮೇಲಿಲ್ಲ, ನನ್ನ ಕೈಮೇಲಿದೆ ಎಂದು ಗೊತ್ತಾಯಿತು.

"ಏನು ನೋಡ್ತಿದೀಯ?"

"ನಿನ್ನ ಪೆನ್ನು. ನಾನು ತಪ್ಪು ಹೇಳಿದಾಗ ಅದು ನಿಲ್ಲುತ್ತೆ ತಾತ."

"ಸುಳ್ಳು! ನನಗೇನು ಗೊತ್ತು ನಿನ್ನ ತಪ್ಪು ಒಪ್ಪು?"

"ಗೊತ್ತಿಲ್ದೇ ಇರಬಹುದು. ಪೆನ್ನಿಗೆ ಗೊತ್ತು."

ಕಾವಲಿಗೆ ಕೂತವರು ನೋಡದೆ ಇರುತ್ತಾರೆಯೆ? ಇದೇ ಸನ್ನೆ, ಇದೇ ಕೆಮ್ಮು. ಪತ್ರಿಕೆ ರದ್ದು. ಹಾಗೆಂದಾಗ ಚೂಟಿಯ ಮುಖ ಇಳಿಯಿತು. ಮೆಲ್ಲಗೆ ಅಂದಳು: "ಪೆನ್ನು ಓಡ್ತಿದ್ರೆ ಧೈರ್ಯ ಇರುತ್ತೆ ತಾತ. ನನಗೆ ನನ್ನ ಮೇಲೆ ನಂಬಿಕೆನೇ ಇಲ್ಲ. ಹೋದ ಸಲ ಮೂರು ಲೆಕ್ಕ ಸರಿ ಬರೆದು, ಅನುಮಾನ ಬಂದು ಹೊಡೆದುಹಾಕಿ ಬಂದೆ."

ಇದನ್ನು ಅವಳು ಅಮ್ಮನಿಗೂ ಹೇಳಿಲ್ಲ.

ಮೇ 22, ಬುಧವಾರ

ಪೆನ್ನು ನಿಲ್ಲದ ಹಾಗೆ ಅಭ್ಯಾಸ. ಚೂಟಿ ಬೇಕೆಂದೇ ತಪ್ಪು ಹೇಳುತ್ತಾಳೆ: ಕಾಲಲ್ಲಿ ಎಕ್ಸ್ ಇರುವುದಕ್ಕೆ ಬಾಣ, ಬಾಣದವನಿಗೆ ಬರಿತಲೆ, ಜಾರೋದಕ್ಕೆ ಕಾಸ್. ನಾನು ಅದೇ ವೇಗದಲ್ಲಿ ಬರೆಯಬೇಕು. ಅಂಗಡಿಯವನು ಹೆಸರನ್ನೇ ತಪ್ಪು ಬರೆದುಕೊಟ್ಟರೂ ತುಟಿ ಬಿಚ್ಚದೆ ಬರೆದ ಹಾಗೆ.

"ಮತ್ತೆ ನಿಂತಿತು" ಅನ್ನುತ್ತಾಳೆ. "ಪೆನ್ನು ಸರಿ, ಈಗ ಹುಬ್ಬು!"

ಹುಬ್ಬಿಗೂ ಲಗಾಮು ಹಾಕಬೇಕೆ?

ಮೇ 26, ಭಾನುವಾರ

ಅಳಿಯಂದಿರು ಲಿಫ್ಟ್ ರಿಪೇರಿಗೆ ಹೋಗಿದ್ದರು, ಭಾನುವಾರವೂ ಯಾರೋ ನಡುಮಹಡಿಯಲ್ಲಿ ಸಿಕ್ಕಿಕೊಂಡಿದ್ದರಂತೆ. ಮಗಳು ನನ್ನ ಮುಂದೆ ಕೂತು ಅತ್ತಳು. "ಇವಳು ಈ ಸಲವೂ ಕೂತರೆ ಮತ್ತೆ ಏಳಲ್ಲ ಅಪ್ಪಾ. ನಂಗೆ ಅವಳು ಗೊತ್ತು." ನಾನು ಸಮಾಧಾನ ಹೇಳಿದೆ. ಹೇಳಿದ ಮಾತು ನನಗೇ ಹಿಡಿಸಲಿಲ್ಲ.

ಜೂನ್ 2, ಭಾನುವಾರ

ನಾಳೆ. ಮೂರು ಪೆನ್ನು ತೆಗೆದಿಟ್ಟೆ. ಮೂರರಲ್ಲೂ ಮಸಿ ಇಳಿಯುತ್ತದೆಯೆ ಎಂದು ಗೀಚಿ ನೋಡಿದೆ.

ಜೂನ್ 3, ಸೋಮವಾರ

ಎಲ್ಲವನ್ನೂ ಬರೆದು ಹಗುರಾಗಬೇಕು, ಇಲ್ಲದಿದ್ದರೆ ಅನ್ನ ಇಳಿಯುವುದಿಲ್ಲ.

ನಮ್ಮಿಬ್ಬರಿಗೆ ಪ್ರತ್ಯೇಕ ಕೋಣೆ. ಪ್ರಯೋಗಶಾಲೆಯ ಸಾಮಾನು ಪೇರಿಸಿಡುವ ಜಾಗ, ಮೂಲೆಯಲ್ಲಿ ಧೂಳು ಹಿಡಿದ ತಕ್ಕಡಿ. ಕಾವಲಿಗೆ ಒಬ್ಬ ಮೇಡಂ. "ನಾನು ಇತಿಹಾಸ. ನಿಮ್ಮ ಲೆಕ್ಕ ನಂಗೂ ಅರ್ಥ ಆಗಲ್ಲ. ಆದ್ರೆ ನಿಮ್ಮ ಮುಖ ಅರ್ಥ ಆಗುತ್ತೆ ಯಜಮಾನ್ರೇ" ಎಂದು ಮೊದಲೇ ಹೇಳಿ, ಕುರ್ಚಿಯನ್ನು ನನ್ನ ಎದುರಿಗೇ ಎಳೆದುಕೊಂಡು ಕೂತರು.

ಪ್ರಶ್ನೆಪತ್ರಿಕೆ ಚೂಟಿಯ ಮುಂದೆ, ಉತ್ತರದ ಹಾಳೆ ನನ್ನ ಮುಂದೆ. ಮೊದಲರ್ಧ ಚೆನ್ನಾಗಿಯೇ ಹೋಯಿತು. ಬಾಣವನ್ನು ಒಂದು ಸಲವೂ ಮರೆಯಲಿಲ್ಲ ಹುಡುಗಿ. "ಎ, ಬಾಣ, ಸಮ, ಎ, ಕಾಲಲ್ಲಿ ಎಕ್ಸ್, ಐ, ಟೋಪಿ, ಕೂಡು..." ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡದ್ದು ಕಂಡಿತು.

ಆಮೇಲೆ ದೊಡ್ಡ ಲೆಕ್ಕ. ಅವಳು ಚಿತ್ರ ಹೇಳಿದಳು: "ನೆಟ್ಟಗೆ ಒಂದು ಗೋಡೆ. ಗೋಡೆಗೆ ಒರಗಿದ ಹಲಗೆ. ಹಲಗೆ ಮೇಲೆ ಪೆಟ್ಟಿಗೆ. ಮೇಲ್ಗಡೆ, ಗೋಡೆಗೂ ಹಲಗೆಗೂ ಮಧ್ಯದ ಕೋನ ತೀಟಾ." ಬರೆದೆ. "ಪೆಟ್ಟಿಗೆಯಿಂದ ನೇರ ಕೆಳಕ್ಕೆ ಗೆರೆ, ಡಬ್ಲ್ಯೂ, ಬಾಣ. ಈಗ ಹಲಗೆಯುದ್ದಕ್ಕೆ ಜಾರಿಸೋ ಪಾಲು. ಡಬ್ಲ್ಯೂ, ಕಾಲಲ್ಲಿ ಎಕ್ಸ್, ಬಾಣ ಇಲ್ಲ, ಸಮ, ಎಂ, ಜಿ..."

ನಿಂತಳು. ತುಟಿ ಕಚ್ಚಿದಳು.

"...ಕಾಸ್ ತೀಟಾ."

ಜಾರೋದು ಸೈನ್! ತಿಂಗಳಿಡೀ ನೀನೇ ಹಾಡಿದೆಯಲ್ಲೇ ಮಾರಾಯ್ತಿ! ಚೂಟಿ ನನ್ನ ಪೆನ್ನನ್ನು ನೋಡುತ್ತಿದ್ದಳು. ಮೇಡಂ ನನ್ನ ಮುಖ ನೋಡುತ್ತಿದ್ದರು. ನಾನು ಹಾಳೆಯನ್ನೇ ನೋಡಿದೆ. ಒಂದು ಚಣ ಕೈ ತಡೆದರೆ ಸಾಕು, ಮಗು ಉಳಿಯುತ್ತದೆ. ಒಂದು ಚಣ ತಡೆದರೆ ಸಾಕು, ಮಗು ಮುಳುಗುತ್ತದೆ.

ಬರೆದೆ. ಕಾಸ್ ತೀಟಾ. ಅದೇ ವೇಗ, ಅದೇ ಅಕ್ಷರ. ಹುಬ್ಬು ಕಲ್ಲು.

ಚೂಟಿ ಉಸಿರು ಬಿಟ್ಟು ಮುಂದಕ್ಕೆ ಹೋದಳು. ಆ ತಪ್ಪನ್ನೇ ಹಿಡಿದು ಮುಂದಿನ ಮೂರು ಸಾಲೂ ನಡೆದವು. ಎಲ್ಲವನ್ನೂ ನನ್ನ ಈ ಕೈಯಿಂದಲೇ ಬರೆದೆ.

ಹೊರಗೆ ಬಂದಾಗ, "ಹೇಗಾಯ್ತು ತಾತ?" ಅಂದಳು. "ನನಗೇನು ಗೊತ್ತಮ್ಮ" ಅಂದೆ.

ಜೂನ್ 4, ಮಂಗಳವಾರ

ಒಂದು ಕೆಮ್ಮು ಸಾಕಿತ್ತು. ನಿಜವಾಗಿ ಕೆಮ್ಮು ಬಂದಿದ್ದರೆ? ಮುದುಕನಿಗೆ ಕೆಮ್ಮು ಬರುವುದಿಲ್ಲವೆ?

ಅಯ್ಯೋ, ಏನು ಬರೆಯುತ್ತಿದ್ದೇನೆ.

ಜೂನ್ 6, ಗುರುವಾರ

ಮಗಳು ಬಡಿಸಿದ್ದು ಹಾಗೇ ಉಳಿಯಿತು. "ಪರೀಕ್ಷೆ ಬರೆದೋಳು ತಿಂದುಂಡು ಆರಾಮಾಗಿದಾಳೆ. ನಿಮಗೇನು ಫಲಿತಾಂಶ ಬರಬೇಕಾ?" ಎಂದು ರೇಗಿದಳು. ಬರಬೇಕು ಮಗಳೇ.

ಜೂನ್ 8, ಶನಿವಾರ

ಟ್ಯೂಷನ್ ಮೇಷ್ಟ್ರು ಚೂಟಿಯ ಕೈ ನೋಡಲು ಮನೆಗೇ ಬಂದರು. ಕೂತವರು ಪ್ರಶ್ನೆಪತ್ರಿಕೆ ತೆರೆದರು. ನಾನು ದಿನಪತ್ರಿಕೆ ಓದುವ ನೆವದಲ್ಲಿ ಕಿವಿ ಅಲ್ಲಿಟ್ಟೆ.

"ಈ ಹಲಗೆ ಲೆಕ್ಕ ಏನು ಬರೆದೆ?" ಅಂದರು. ಪತ್ರಿಕೆಯ ಅಕ್ಷರವೆಲ್ಲ ನನ್ನ ಕಣ್ಣ ಮುಂದೆ ಕಲಸಿಹೋಯಿತು.

"ಎಂ ಜಿ ಕಾಸ್ ತೀಟಾ ಸರ್."

"ಭೇಷ್! ಅರ್ಧಕ್ಕರ್ಧ ಕ್ಲಾಸು ಸೈನ್ ಬರೆದು ಬಂದಿದೆ. ಕೋನ ನೆಲದಿಂದ ಕೊಟ್ಟಿಲ್ಲ, ಗೋಡೆಯಿಂದ ಕೊಟ್ಟಿದಾರೆ ಅಂತ ನೋಡೋರೇ ಇಲ್ಲ. ಗಿಳಿಪಾಠ! ಜಾರೋದು ಸೈನ್ ಅಂತೆ."

ನಾನು ಎದ್ದು ಹಿತ್ತಲಿಗೆ ಹೋದೆ. ಮೇಷ್ಟ್ರ ಮಾತಿನ ಪ್ರಕಾರ, ಕೋನವನ್ನು ನೆಲದ ಬದಲು ನೆಟ್ಟಗಿನ ಗೋಡೆಯಿಂದ ಅಳೆದರೆ ಸೈನ್ ಕಾಸ್ ಜಾಗ ಬದಲಾಯಿಸುತ್ತವೆ. ಅಲ್ಲೇ ಒರಗಿಸಿಟ್ಟಿದ್ದ ಏಣಿಯನ್ನು ನೋಡುತ್ತ ನಿಂತರೆ ಮಗುವಿಗೂ ಅರ್ಥವಾಗುವ ಸಂಗತಿ. ಏಣಿ ಗೋಡೆಗೆ ಅಂಟಿದಷ್ಟೂ ಗೋಡೆಯ ಬಳಿಯ ಕೋನ ಸಣ್ಣದು, ಅದರ ಮೇಲಿಟ್ಟ ವಸ್ತುವಿನ ಜಾರಿಕೆ ಜಾಸ್ತಿ. ಆ ತೀಟಾವನ್ನು ಗೋಡೆಯ ಪಕ್ಕ ಬರೆದದ್ದು ನಾನೇ. ಕೈ ಬರೆಯಿತು, ತಲೆ ನೋಡಲಿಲ್ಲ. ಒಂದು ಚಣ ಪೆನ್ನು ನಿಲ್ಲಿಸಿದ್ದರೆ ಹುಡುಗಿ ಸರಿಯಿದ್ದದ್ದನ್ನು ಹೊಡೆದುಹಾಕಿಸುತ್ತಿದ್ದಳು. ಹೋದ ಸಲದ ಹಾಗೆಯೇ. ಈ ಸಲ ನನ್ನಿಂದ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಜೂನ್ 25, ಮಂಗಳವಾರ

ಪಾಸು. ಬೀಗುವಂಥ ಅಂಕವಲ್ಲ, ದಡ ಮುಟ್ಟುವಷ್ಟು.

ಪ್ಲಾಸ್ಟರು ಬಿಚ್ಚಿದ ಕೈ ಇನ್ನೂ ಬಿಳಿಚಿಕೊಂಡು ಸಣ್ಣಗಿದೆ. ಆ ಕೈಯಲ್ಲೇ ನನ್ನ ಕುತ್ತಿಗೆ ತಬ್ಬಿ, "ತಾತನ ಪೆನ್ನೇ ನನ್ನ ಪಾಸು ಮಾಡಿಸಿದ್ದು!" ಎಂದು ಕುಣಿದಳು. ಮಗಳು ಕಣ್ಣೊರೆಸಿಕೊಂಡು ಅಂಗಡಿಗೆ ಫೋನು ಮಾಡಲು ಹೊರಗೆ ಹೋದಳು. ನಾನು ಕೇಳಿದೆ, "ಪೆನ್ನು ಏನು ಮಾಡ್ತು?"

"ಹಲಗೆ ಲೆಕ್ಕ ಇತ್ತಲ್ಲ? ಅಲ್ಲಿ ಗಾಬರಿ ಆಗ್ಬಿಟ್ಟಿತ್ತು ತಾತ. ಕೋನ ಗೋಡೆಯಿಂದ ಇದೆ, ಕಾಸ್ ಬರಬೇಕು ಅಂತ ಅನ್ನಿಸ್ತು, ಆದ್ರೆ ಜಾರೋದು ಸೈನ್ ಅಂತಾನೂ ತಲೇಲಿ ಓಡ್ತಿತ್ತು. ಕಾಸ್ ಅಂದು ನಿನ್ನ ಪೆನ್ನು ನೋಡ್ದೆ. ಓಡ್ತಾ ಇತ್ತು. ಹಾಗಾದ್ರೆ ಸರಿ ಅಂತ ಮುಂದೆ ಹೋದೆ."

ನಕ್ಕು ಸುಮ್ಮನಿದ್ದುಬಿಡಬಹುದಿತ್ತು. ಖುಷಿಯ ದಿನ, ಮುದುಕನಿಗೂ ಒಂದಿಷ್ಟು ಹೆಸರು. ಆದರೆ ಮುಂದಿನ ತಿಂಗಳು ಅವಳು ದೊಡ್ಡ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಯಾರ ಪೆನ್ನು ನೋಡುತ್ತಾಳೆ?

"ಚೂಟಿ, ಅದನ್ನ ನಾನು ತಪ್ಪು ಅಂದ್ಕೊಂಡೇ ಬರೆದೆ."

"ಏನು?"

"ಸೈನ್ ಅನ್ನಬೇಕಿತ್ತು ಅಂತ ನನ್ನ ಲೆಕ್ಕ. ಒಳಗೊಳಗೇ ನಿನ್ನ ಬೈಕೊಂಡು ಬರೆದೆ. ನಾನೇನಾದ್ರೂ ನಿಲ್ಲಿಸಿದ್ರೆ ನಿನ್ನ ಸರಿಯಾದ ಲೆಕ್ಕ ಮುಳುಗಿಹೋಗ್ತಿತ್ತು."

ಅವಳ ನಗು ನಿಂತಿತು. "ನಿನಗೆ ಗೊತ್ತಿರಲಿಲ್ವಾ?"

"ಇಲ್ಲ."

"ಮತ್ತೆ ಆ ಕೋಣೇಲಿ ಬೇರೆ ಯಾರಿಗೆ..."

"ಮೇಡಂ ಇದ್ರು. ಅವರು ಇತಿಹಾಸ."

ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಕೂತಲ್ಲೇ ಕೂತೆ. ಯಾಕೆ ಬಾಯಿ ಬಿಟ್ಟೆನೋ, ಆಸರೆಯಾಗಿದ್ದ ಒಂದು ನಂಬಿಕೆಯನ್ನೂ ಕಿತ್ತುಕೊಂಡೆನೋ ಎಂದು ನನ್ನನ್ನೇ ಬೈದುಕೊಂಡೆ. ಎದ್ದು ಬಾಗಿಲು ತಟ್ಟಬೇಕೆಂದು ಕೈ ಎತ್ತಿದೆ. ತಟ್ಟಲಿಲ್ಲ. ಅವಳು ಕರೆದಿರಲಿಲ್ಲ.

ಒಳಗಿನಿಂದ ಗೆಳತಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು.

"ಕೇಳೇ ಇಲ್ಲಿ. ಆ ಹಲಗೆ ಲೆಕ್ಕ ಇತ್ತಲ್ಲ, ಅದನ್ನ ನಾನೇ ಮಾಡಿದ್ದು ಕಣೇ. ಇಲ್ವೇ, ತಾತಂಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ! ನಾನೊಬ್ಳೇ!"